ಪೆಡಲ್ ತುಳಿದರೆ ಮಾತು ಹೋಗುತ್ತಿತ್ತು: ಮರುಭೂಮಿಯ ಮನೆಗಳಿಗೆ ರೇಡಿಯೊ ತಲುಪಿಸಿದ ಆಲ್ಫ್ರೆಡ್ ಟ್ರೇಗರ್

1917ನೇ ಇಸವಿ. ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ರೂಬಿ ಪ್ಲೇನ್ಸ್ ಅನ್ನೋ ಜಾಗದಲ್ಲಿ ದನ ಕಾಯೋ ಕೆಲಸಕ್ಕಿದ್ದ ಜಿಮ್ಮಿ ಡಾರ್ಸಿ ಎಂಬ ಯುವಕ ಕುದುರೆಯಿಂದ ಬಿದ್ದ. ಹೊಟ್ಟೆಯೊಳಗೆ ಪೆಟ್ಟಾಗಿತ್ತು. ಜತೆಗಿದ್ದವರು ಗಾಡಿಯಲ್ಲಿ ಮಲಗಿಸಿಕೊಂಡು ಸುಮಾರು 75 ಕಿಲೋಮೀಟರ್ ದೂರದ ಹಾಲ್ಸ್ ಕ್ರೀಕ್ ಅನ್ನೋ ಸಣ್ಣ ಊರಿಗೆ ತಂದರು. ಅಲ್ಲಿ ಡಾಕ್ಟರ್ ಇರಲಿಲ್ಲ. ಇದ್ದದ್ದು ಒಂದು ಅಂಚೆ ಕಚೇರಿ, ಅದರಲ್ಲೊಂದು ಟೆಲಿಗ್ರಾಫ್ ಯಂತ್ರ, ಅದನ್ನು ನೋಡಿಕೊಳ್ಳುವ ಪೋಸ್ಟ್ ಮಾಸ್ಟರ್ ಫ್ರೆಡ್ ಟಕೆಟ್.

ಟಕೆಟ್‌ಗೆ ಪ್ರಥಮ ಚಿಕಿತ್ಸೆ ಅಷ್ಟಿಷ್ಟು ಗೊತ್ತಿತ್ತು. ಅದನ್ನು ಕಲಿಸಿದ್ದ ಡಾಕ್ಟರ್ ಹಾಲೆಂಡ್ ಇದ್ದದ್ದು ಸಾವಿರಾರು ಕಿಲೋಮೀಟರ್ ದೂರದ ಪರ್ತ್ ನಗರದಲ್ಲಿ. ಟೆಲಿಗ್ರಾಫ್‌ನಲ್ಲಿ ಅವರನ್ನು ಹಿಡಿದು ಕೇಳಿದರೆ, ಆಪರೇಷನ್ ಮಾಡಲೇಬೇಕು, ನೀನೇ ಮಾಡು ಅಂತ ಉತ್ತರ ಬಂತು. ಪೋಸ್ಟ್ ಮಾಸ್ಟರು ಜೇಬಿನ ಚಾಕು ಹಿಡಿದು, ಕಟಕಟ ಅಂತ ಬರುವ ಒಂದೊಂದು ಸೂಚನೆಯನ್ನೂ ಓದಿಕೊಂಡು ಆಪರೇಷನ್ ಮಾಡಿದರು. ಮತ್ತು ಬರಿಸೋ ಔಷಧಿಯೂ ಇರಲಿಲ್ಲ. ಅತ್ತ ಡಾಕ್ಟರ್ ದನ ಸಾಗಿಸುವ ಹಡಗು ಹತ್ತಿ, ಆಮೇಲೆ ಕಾರು, ಆಮೇಲೆ ಕುದುರೆ ಅಂತ ಹತ್ತಕ್ಕೂ ಹೆಚ್ಚು ದಿನ ಪ್ರಯಾಣ ಮಾಡಿ ಬಂದರೆ, ಡಾರ್ಸಿ ಹಿಂದಿನ ದಿನವೇ ತೀರಿಕೊಂಡಿದ್ದ.

ಈ ಸುದ್ದಿ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ದಿನಗಟ್ಟಲೆ ಓಡಿತು. ಆದರೆ ಒಂದು ಮಾತು ಗಮನಿಸಬೇಕು. ಹಾಲ್ಸ್ ಕ್ರೀಕ್‌ನಲ್ಲಿ ಟೆಲಿಗ್ರಾಫ್ ತಂತಿಯಾದರೂ ಇತ್ತು. ಆ ದೇಶದ ಒಳನಾಡಿನ ನೂರಾರು ಒಂಟಿ ಮನೆಗಳಿಗೆ ಅದೂ ಇರಲಿಲ್ಲ. ಅಲ್ಲಿ ಯಾರಿಗಾದರೂ ಜ್ವರ ಬಂದರೆ, ಹೆರಿಗೆ ಕಷ್ಟವಾದರೆ, ಹಾವು ಕಚ್ಚಿದರೆ ಹೊರಗಿನವರಿಗೆ ಗೊತ್ತಾಗುವುದೇ ವಾರಗಳ ನಂತರ.

ಹನ್ನೆರಡು ವರ್ಷದ ಬಳಿಕ ಆ ಮನೆಗಳಿಗೆ ಬಾಯಿ ಬಂತು. ಅದನ್ನು ಕೊಟ್ಟವರು ದೊಡ್ಡ ವಿಜ್ಞಾನಿಯಲ್ಲ. ಕಾರಿನ ಡೈನಮೋ, ಜನರೇಟರ್ ರಿಪೇರಿ ಮಾಡುತ್ತಿದ್ದ ಒಬ್ಬ ಮಿತಭಾಷಿ ಮೆಕ್ಯಾನಿಕ್, ಹವ್ಯಾಸಕ್ಕೆ ಹ್ಯಾಮ್ ರೇಡಿಯೊ ಇಟ್ಟುಕೊಂಡಿದ್ದವರು. ಹೆಸರು ಆಲ್ಫ್ರೆಡ್ ಹರ್ಮನ್ ಟ್ರೇಗರ್.

ತಂಬಾಕು ಡಬ್ಬಿಯ ಟೆಲಿಫೋನು

ಟ್ರೇಗರ್ ಹುಟ್ಟಿದ್ದು 1895ರ ಆಗಸ್ಟ್ 2ರಂದು, ವಿಕ್ಟೋರಿಯಾ ರಾಜ್ಯದ ಡಿಂಬೂಲಾ ಹತ್ತಿರದ ಒಂದು ಹಳ್ಳಿಯಲ್ಲಿ. ಜರ್ಮನ್ ಮೂಲದ ರೈತ ಕುಟುಂಬ. ಹುಡುಗ ಚಿಕ್ಕವನಿದ್ದಾಗಲೇ ಮನೆಯವರು ದಕ್ಷಿಣ ಆಸ್ಟ್ರೇಲಿಯಾದ ಬಾಲಕ್ಲಾವಾ ಕಡೆಗೆ ಬಂದು ಬೇಸಾಯ ಹಿಡಿದರು.

ಹನ್ನೆರಡನೇ ವಯಸ್ಸಿಗೆ ಈ ಹುಡುಗ ಮನೆಗೂ ಸಾಮಾನು ಕೊಟ್ಟಿಗೆಗೂ ನಡುವೆ ಟೆಲಿಫೋನ್ ಹಾಕಿದ. ಅಂಗಡಿಯಿಂದ ತಂದದ್ದು ಕಡಿಮೆ. ತಂಬಾಕು ಡಬ್ಬಿಯ ಮುಚ್ಚಳ, ಒಲೆಯ ಇದ್ದಿಲು, ಹುಲ್ಲು ಎತ್ತುವ ಕವೆಗೋಲಿನ ಹಲ್ಲು, ಇಂಥವನ್ನೇ ಜೋಡಿಸಿ ಮಾಡಿದ್ದು. ಮಾತು ಕೇಳಿಸಿತು. ಈ ಕಥೆ ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ, ಹೇಳಲೇಬೇಕಾದದ್ದೂ ಹೌದು. ಯಾಕೆಂದರೆ ಮುಂದೆ ಅವರು ಮಾಡಿದ್ದೆಲ್ಲ ಇದೇ ಧಾಟಿಯಲ್ಲೇ: ಕೈಗೆ ಸಿಗುವ ಸಾಮಾನು, ಸರಳ ಜೋಡಣೆ, ಯಾರು ಬೇಕಾದರೂ ಬಳಸುವಂತಿರಬೇಕು.

ಅಡಿಲೇಡ್ ನಗರದ ತಾಂತ್ರಿಕ ಶಾಲೆಯಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದರು. ಟ್ರಾಮ್ ಕಂಪನಿಯಲ್ಲಿ, ಅಂಚೆ ಇಲಾಖೆಯಲ್ಲಿ ದುಡಿದರು. ಮೊದಲ ಮಹಾಯುದ್ಧಕ್ಕೆ ಸೇನೆ ಸೇರಬೇಕು ಅಂತ ಹೋದರೆ ತೆಗೆದುಕೊಳ್ಳಲಿಲ್ಲ. ಅಜ್ಜ ಅಜ್ಜಿ ಜರ್ಮನಿಯವರು ಅನ್ನೋದೇ ಕಾರಣ. ಹುಟ್ಟಿದ್ದು ಬೆಳೆದದ್ದು ಇದೇ ಮಣ್ಣಲ್ಲಿ ಅನ್ನೋದು ಲೆಕ್ಕಕ್ಕೆ ಬರಲಿಲ್ಲ. ಅದು ಅವರಿಗೆ ನೋವಾಗಿ ಉಳಿಯಿತು.

1920ರ ದಶಕದಲ್ಲಿ ಅಡಿಲೇಡ್‌ನ ಹ್ಯಾನನ್ ಬ್ರದರ್ಸ್ ಅನ್ನೋ ಸಂಸ್ಥೆಯಲ್ಲಿ ಕಾರಿನ ಜನರೇಟರ್ ಮತ್ತು ಎಲೆಕ್ಟ್ರಿಕ್ ರಿಪೇರಿ ಕೆಲಸ ಅವರದ್ದು. ಹಗಲು ವರ್ಕ್‌ಶಾಪು, ರಾತ್ರಿ ಮನೆಯಲ್ಲಿ ರೇಡಿಯೊ.

ಹ್ಯಾಮ್‌ಗಳ ಪಾಲಿಗೆ ಬಂದ ಬೇಡದ ಅಲೆಗಳು

ಹ್ಯಾಮ್ ಅಂದರೆ ಸರ್ಕಾರದ ಲೈಸೆನ್ಸ್ ಪಡೆದು, ದುಡ್ಡಿಗಲ್ಲದೆ ಬರೀ ಆಸಕ್ತಿಗಾಗಿ, ಸ್ವಂತ ರೇಡಿಯೊದಿಂದ ಮಾತು ಅಥವಾ ಮೋರ್ಸ್ ಸಂಕೇತ ಕಳಿಸುವವರು. ಇಂದಿಗೂ ಇದ್ದಾರೆ, ನಮ್ಮ ದೇಶದಲ್ಲೂ ಇದ್ದಾರೆ.

ಆ ಕಾಲಕ್ಕೆ ದೂರದ ಸಂದೇಶಕ್ಕೆ ಉದ್ದ ಅಲೆಗಳೇ ಬೇಕು, ಅದಕ್ಕೆ ದೊಡ್ಡ ದೊಡ್ಡ ಕಂಬ, ಭಾರೀ ಯಂತ್ರ ಬೇಕು ಅಂತ ಕಂಪನಿಗಳು, ಸರ್ಕಾರಗಳು ನಂಬಿದ್ದವು. 200 ಮೀಟರಿಗಿಂತ ಚಿಕ್ಕ ಅಲೆಗಳು ಯಾವ ಕೆಲಸಕ್ಕೂ ಬಾರದವು ಅಂತ ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟಿದ್ದರು. ಬೇಡದ ಜಮೀನು ಕೊಟ್ಟ ಹಾಗೆ. ಹ್ಯಾಮ್‌ಗಳು ಅಲ್ಲೇ ಬಂಗಾರ ತೆಗೆದರು. ಈ ಚಿಕ್ಕ ಅಲೆಗಳು ಆಕಾಶದ ಮೇಲ್ಪದರಕ್ಕೆ ತಾಗಿ ಮತ್ತೆ ಭೂಮಿಗೆ ಬಾಗಿ ಬರುತ್ತವೆ, ಹಾಗಾಗಿ ತೀರಾ ಕಮ್ಮಿ ಶಕ್ತಿಯಲ್ಲೂ ಸಮುದ್ರ ದಾಟುತ್ತವೆ ಅಂತ ಗೊತ್ತಾಯಿತು. 1924ರಲ್ಲಿ ಆಸ್ಟ್ರೇಲಿಯಾದ ಹ್ಯಾಮ್ ಒಬ್ಬರು ಇಂಗ್ಲೆಂಡಿನ ಹ್ಯಾಮ್ ಜತೆ ನೇರ ಸಂದೇಶ ವಿನಿಮಯ ಮಾಡಿಕೊಂಡರು. ಇಂಗ್ಲೆಂಡಿಗೇ ಹೋಗುತ್ತದೆ ಅಂದಮೇಲೆ ಮರುಭೂಮಿಯ ಮನೆಯಿಂದ ಆಸ್ಪತ್ರೆಗೆ ಯಾಕೆ ಹೋಗಬಾರದು?

ಈ ಪ್ರಶ್ನೆ ತಲೆಗೆ ಹಚ್ಚಿಕೊಂಡವರು ಜಾನ್ ಫ್ಲಿನ್ ಎಂಬ ಪಾದ್ರಿ. 1912ರಿಂದ ಒಳನಾಡಿನಲ್ಲಿ ಚರ್ಚಿನ ಸೇವಾ ಸಂಸ್ಥೆಯೊಂದನ್ನು ನಡೆಸುತ್ತಿದ್ದವರು. ಡಾರ್ಸಿಯ ಸಾವು ಅವರನ್ನು ಕಾಡಿತ್ತು. ಯುದ್ಧಕ್ಕೆ ಹೋಗಿದ್ದ ಕ್ಲಿಫರ್ಡ್ ಪೀಲ್ ಅನ್ನೋ ತರುಣ, ಡಾಕ್ಟರನ್ನು ವಿಮಾನದಲ್ಲೇ ಕಳಿಸಿದರೆ ಹೇಗೆ ಅಂತ 1917ರಲ್ಲಿ ಅವರಿಗೊಂದು ಕಾಗದ ಬರೆದಿದ್ದ. ಮರುವರ್ಷ ಆ ತರುಣ ಫ್ರಾನ್ಸ್‌ನಲ್ಲಿ ಸತ್ತ. ಅವನ ಯೋಚನೆ ಫ್ಲಿನ್ ಹತ್ತಿರ ಉಳಿಯಿತು. ವಿಮಾನವೇನೋ ಸರಿ, ಆದರೆ ಬಾ ಅಂತ ಕರೆಯೋದು ಹೇಗೆ?

ಕಾರು ನಿಲ್ಲಿಸಿ, ಚಕ್ರ ಎತ್ತಿ

1925ರಲ್ಲಿ ಫ್ಲಿನ್ ತಮ್ಮ ಡಾಜ್ ಗಾಡಿಗೆ ರೇಡಿಯೊ ಸಾಮಾನು ಹೇರಿಕೊಂಡು, ಜಾರ್ಜ್ ಟೌನ್ಸ್ ಎಂಬ ಮಾಜಿ ಸೈನಿಕನನ್ನು ಜತೆಗೆ ಕೂರಿಸಿಕೊಂಡು ಅಡಿಲೇಡ್‌ನಿಂದ ಉತ್ತರದ ಒಣ ಸೀಮೆಗೆ ಹೊರಟರು. ಊರಲ್ಲಿ ಅವರ ಸಂದೇಶಕ್ಕೆ ಕಿವಿಗೊಟ್ಟು ಕೂತವರು ಹ್ಯಾರಿ ಕೌಪರ್ ಮತ್ತಿತರ ಹವ್ಯಾಸಿಗಳು. ಕೌಪರ್ ಸಾಮಾನ್ಯರಲ್ಲ, ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸಾಪ್‌ವಿತ್ ವಿಮಾನ ಕಾರ್ಖಾನೆಯಲ್ಲಿದ್ದು, ಪ್ರೊಪೆಲ್ಲರ್‌ಗೆ ತಗುಲದಂತೆ ಅದರ ಸಂದಿಯಿಂದಲೇ ಗುಂಡು ಹಾರಿಸುವ ವ್ಯವಸ್ಥೆ ರೂಪಿಸಿದ್ದವರು.

ಗಾಡಿಯಿಂದ ಮನೆಗೆ ರೇಡಿಯೊ ಹಚ್ಚುವ ಕ್ರಮ ಹೀಗಿತ್ತು. ಒಂದು ಜಾಗದಲ್ಲಿ ಗಾಡಿ ನಿಲ್ಲಿಸಬೇಕು. ಉದ್ದ ತಂತಿ ಎತ್ತರಕ್ಕೆ ಕಟ್ಟಬೇಕು. ಹಿಂದಿನ ಚಕ್ರವನ್ನು ಜಾಕ್ ಕೊಟ್ಟು ನೆಲದಿಂದ ಎತ್ತಬೇಕು. ಚಕ್ರಕ್ಕೆ ಬೆಲ್ಟ್ ಹಾಕಿ ಆ ತುದಿಯನ್ನು ಜನರೇಟರಿಗೆ ಸಿಕ್ಕಿಸಬೇಕು. ಆಮೇಲೆ ಎಂಜಿನ್ ಚಾಲೂ ಮಾಡಿದರೆ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗಿ, ಜನರೇಟರ್ ತಿರುಗಿ, ಕರೆಂಟ್ ಬಂದು, ಮೋರ್ಸ್ ಕೀಲಿ ಒತ್ತಬಹುದು. ನಮ್ಮ ಕಡೆ ಟ್ರ್ಯಾಕ್ಟರಿಗೆ ಬೆಲ್ಟ್ ಹಾಕಿ ಯಂತ್ರ ಓಡಿಸಿದವರಿಗೆ ಇದು ಹೊಸತಲ್ಲ.

ಸಂದೇಶ ಹೋಯಿತು. ಮರುಭೂಮಿಯ ಅಂಚಿನಿಂದ ಗಾಡಿಯ ಸುದ್ದಿ ನಗರಕ್ಕೆ ಮುಟ್ಟಿತು. ಹವ್ಯಾಸಿಗಳಿಗೆ ಇದು ದೊಡ್ಡ ಗೆಲುವು. ಫ್ಲಿನ್‌ಗೆ ಮಾತ್ರ ಅರ್ಧ ಗೆಲುವು. ಅವರು ಹುಡುಕುತ್ತಿದ್ದದ್ದು ಕಾರಿರುವವರಿಗೆ, ಪೆಟ್ರೋಲ್ ಇರುವವರಿಗೆ, ರೇಡಿಯೊ ಗೊತ್ತಿರುವವರಿಗೆ ಆಗುವಂಥದ್ದಲ್ಲ. ಒಂಟಿ ಮನೆಯಲ್ಲಿ ಗಂಡಸರೆಲ್ಲ ದನದ ಹಿಂದೆ ಹೋಗಿರುವಾಗ, ಮಗುವಿಗೆ ಜ್ವರ ಏರಿ ಕಂಗಾಲಾದ ತಾಯಿ ಒಬ್ಬಳೇ ಬಳಸುವಂಥದ್ದು ಬೇಕಿತ್ತು. ಕಾರಿನ ಚಕ್ರ ನಿಂತರೆ ಮಾತೂ ನಿಲ್ಲುತ್ತದೆ ಅಂದರೆ ಅದು ಅವಳಿಗೆ ಯಾವ ಉಪಯೋಗಕ್ಕೂ ಬರದು.

ಹಾಗಾಗಿ ಕಷ್ಟ ಇದ್ದದ್ದು ರೇಡಿಯೊದಲ್ಲಿ ಅಲ್ಲ, ಕರೆಂಟಿನಲ್ಲಿ. ಈ ಸಣ್ಣ ವ್ಯತ್ಯಾಸ ಅರ್ಥವಾದದ್ದೇ ಮುಂದಿನ ಕೆಲಸಕ್ಕೆ ದಾರಿಯಾಯಿತು.

ಜನರೇಟರ್ ಮಾರಾಟಕ್ಕಿದೆ

1926ರಲ್ಲಿ ಟ್ರೇಗರ್ 600 ವೋಲ್ಟಿನ ಒಂದು ಜನರೇಟರ್ ಮಾರಾಟಕ್ಕಿದೆ ಅಂತ ಜಾಹೀರಾತು ಕೊಟ್ಟರು. ಕೊಳ್ಳಲು ಬಂದವರು ಫ್ಲಿನ್. ಜನರೇಟರ್ ಜತೆಗೆ ಅದನ್ನು ಮಾಡಿದ ಮನುಷ್ಯನನ್ನೂ ಫ್ಲಿನ್ ಕರೆದುಕೊಂಡು ಹೋದರು ಅನ್ನಬೇಕು. ಆ ವರ್ಷದ ಕೊನೆಗೆ ಇಬ್ಬರೂ ಆಲಿಸ್ ಸ್ಪ್ರಿಂಗ್ಸ್‌ಗೆ ಹೊರಟಿದ್ದರು. ಭೂಪಟ ತೆಗೆದು ನೋಡಿದರೆ ಆಸ್ಟ್ರೇಲಿಯಾದ ನಟ್ಟನಡುವೆ ಇರುವ ಊರು ಅದು. ಆಗಿನ್ನೂ ರೈಲು ಅಲ್ಲಿಗೆ ಬಂದಿರಲಿಲ್ಲ, ಊಡ್ನಡಾಟ್ಟಾ ಅನ್ನೋ ಕಡೆಗೇ ಹಳಿ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಮರಳು, ಕಲ್ಲು.

ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಫ್ಲಿನ್ ಸಂಸ್ಥೆಯ ಹೊಸ ಆಸ್ಪತ್ರೆ ಆಗಷ್ಟೇ ಎದ್ದಿತ್ತು. ಅದರ ಹಿಂದೆ ಒಂದು ಪುಟ್ಟ ಕಲ್ಲಿನ ಕೋಣೆ. ಅದರಲ್ಲಿ ಎಂಜಿನ್ ಇಟ್ಟು ಟ್ರೇಗರ್ ಒಂದು ರೇಡಿಯೊ ಕೇಂದ್ರ ಕೂರಿಸಿದರು. ಇನ್ನೊಂದು ಸೆಟ್ಟನ್ನು ಹರ್ಮನ್ಸ್‌ಬರ್ಗ್ ಎಂಬ ಮಿಷನ್ ಹಳ್ಳಿಗೆ ಒಯ್ದರು. ನಡುವೆ ಸುಮಾರು 125 ಕಿಲೋಮೀಟರ್. ಬೆಂಗಳೂರಿಂದ ಮಂಡ್ಯ ದಾಟಿ ಮೈಸೂರಿಗೆ ಇನ್ನೇನು ಬಂದೆವು ಅನ್ನುವಷ್ಟು ದೂರ; ಆದರೆ ನಡುವೆ ಒಂದು ಟೀ ಅಂಗಡಿಯೂ ಇಲ್ಲ.

ಎರಡೂ ಕಡೆ ಸಂಪರ್ಕ ಬಂತು. ಆದರೆ ಹರ್ಮನ್ಸ್‌ಬರ್ಗ್‌ನ ಸೆಟ್ಟು ಓಡಿದ್ದು ಭಾರದ ಬ್ಯಾಟರಿಗಳ ಮೇಲೆ. ಅವು ಸವೆದರೆ ಹೊಸವು ಸಾವಿರದೈನೂರು ಕಿಲೋಮೀಟರ್ ದೂರದ ಅಡಿಲೇಡ್‌ನಿಂದ ಬರಬೇಕು. ಇನ್ನೂ ಆಗಲಿಲ್ಲ.

ಕೈ ಬಿಡುವಾಗಿರಬೇಕು, ಕಾಲು ಖಾಲಿ ಇದೆ

ಅಡಿಲೇಡ್‌ಗೆ ಮರಳಿದ ಮೇಲೆ ಟ್ರೇಗರ್ ಎರಡು ವರ್ಷ ಇದರ ಹಿಂದೆ ಬಿದ್ದರು. ಕೈಯಲ್ಲಿ ತಿರುಗಿಸುವ ಜನರೇಟರನ್ನೂ ನೋಡಿದ್ದಾಯಿತು. ಒಂದು ಕೈ ಹ್ಯಾಂಡಲ್ ತಿರುಗಿಸಬೇಕು, ಇನ್ನೊಂದು ಕೈ ಮೋರ್ಸ್ ಕೀಲಿ ಒತ್ತಬೇಕು. ಇಡೀ ಮೈ ಅಲ್ಲಾಡುವಾಗ ಚುಕ್ಕಿ ಯಾವುದು, ಗೆರೆ ಯಾವುದು ಗೊತ್ತಾಗುವುದಿಲ್ಲ. ತಿರುಗಿಸಲು ಇನ್ನೊಬ್ಬರು ಬೇಕಾಗುತ್ತಾರೆ. ಒಂಟಿ ಮನೆಯಲ್ಲಿ ಇನ್ನೊಬ್ಬರು ಎಲ್ಲಿಂದ ಬರಬೇಕು?

ಉತ್ತರ ಸಿಕ್ಕಿದ್ದು ಸೈಕಲ್ಲಿನಲ್ಲಿ. ಕುರ್ಚಿಯಲ್ಲಿ ಕೂತು ಕಾಲಿನಿಂದ ಪೆಡಲ್ ತುಳಿದರೆ ಎರಡೂ ಕೈ ಬಿಡುವು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಬರೀ ಸೈಕಲ್ ಪೆಡಲ್ ತಂದು ಜನರೇಟರಿಗೆ ಕಟ್ಟಿದರೆ ಆಗುವ ಕೆಲಸವಲ್ಲ ಅದು. ನಿಧಾನಕ್ಕೆ ತುಳಿದರೂ ಜನರೇಟರ್ ಜೋರಾಗಿ ತಿರುಗಬೇಕು, ಅದಕ್ಕೆ ಗೇರ್ ಬೇಕು. ತುಳಿತದ ಏರಿಳಿತ ಕರೆಂಟಿಗೆ ತಾಗಬಾರದು, ಅದಕ್ಕೆ ಭಾರದ ಫ್ಲೈವೀಲ್ ಬೇಕು. ಒಳನಾಡಿನ ಕೆಂಪು ದೂಳು ಹಲ್ಲುಗಳ ನಡುವೆ ನುಗ್ಗಬಾರದು, ಅದಕ್ಕೆ ಗೇರು, ಫ್ಲೈವೀಲು ಎರಡನ್ನೂ ಲೋಹದ ಕವಚದಲ್ಲಿ ಮುಚ್ಚಬೇಕು. ಪೆಡಲ್ ಮಾತ್ರ ಹೊರಗೆ. ತುಳಿಯುವಾಗ ಯಂತ್ರ ಜಾರಿ ಹೋಗದಂತೆ ಮೇಜಿನ ಕೆಳಗೆ ನೆಲಕ್ಕೇ ಸ್ಕ್ರೂ ಹಾಕಿ ಬಿಗಿಯುವಂತೆ ಎರಕದ ಪಾದ ಇಟ್ಟರು.

ಆರಾಮಾಗಿ ತುಳಿದರೆ ಸುಮಾರು 300 ವೋಲ್ಟಿನಲ್ಲಿ 20 ವಾಟ್ ಶಕ್ತಿ ಬರುತ್ತಿತ್ತು. ನಮ್ಮ ಹಳೇ ಸೈಕಲ್ಲುಗಳ ಡೈನಮೋ ಕೊಡುತ್ತಿದ್ದದ್ದು 3 ವಾಟ್. ಇವತ್ತಿನ ಲೆಕ್ಕಕ್ಕೆ ಎರಡು ಎಲ್‌ಇಡಿ ಬಲ್ಬು ಉರಿಯುವಷ್ಟು ಶಕ್ತಿ ಅದು. ಅಷ್ಟರಲ್ಲೇ ಶಾರ್ಟ್‌ವೇವ್ ಅಲೆ ಹತ್ತಿರತ್ತಿರ 500 ಕಿಲೋಮೀಟರ್ ಮುಟ್ಟುತ್ತಿತ್ತು. ಕೇಳಿಸಿಕೊಳ್ಳುವುದಕ್ಕೆ ತುಳಿಯಬೇಕಾಗಿರಲಿಲ್ಲ, ಅದಕ್ಕೆ ಸಣ್ಣ ಡ್ರೈ ಬ್ಯಾಟರಿ ಸಾಕು. ಕಳಿಸುವಾಗ ಮಾತ್ರ ಕಾಲಿಗೆ ಕೆಲಸ.

ಇನ್ನೊಂದು ತೊಡಕಿತ್ತು. ತುಳಿತ ಹೆಚ್ಚುಕಮ್ಮಿಯಾದರೆ ಅಲೆಯ ಸಂಖ್ಯೆಯೇ ಜಾರಿ, ಆ ತುದಿಯಲ್ಲಿ ಹುಡುಕುವವರಿಗೆ ಸಿಗದೇ ಹೋಗುತ್ತಿತ್ತು. ಅದಕ್ಕೆ ಸ್ಫಟಿಕದ ಚೂರು ಹಾಕಿ ಅಲೆಯನ್ನು ಒಂದೇ ಕಡೆ ಕಟ್ಟಿಹಾಕುವ ಉಪಾಯ ಬಳಸಿದರು. ಇದಕ್ಕೆ ಕೌಪರ್ ನೆರವಾದರು. ರೇಡಿಯೊ ಗೊತ್ತಿಲ್ಲದ ಗೃಹಿಣಿ ಯಾವ ಗುಂಡಿಯನ್ನೂ ತಿರುಗಿಸಿ ಹುಡುಕಬೇಕಾಗಿರಲಿಲ್ಲ. ಸೆಟ್ಟಿನ ಬೆಲೆ ಸುಮಾರು 33 ಪೌಂಡ್. ಬಡವರಿಗೆ ಅಗ್ಗ ಅಂತ ಹೇಳಲಾಗದು, ಆದರೆ ದೊಡ್ಡ ಕಂಪನಿಗಳ ಯಂತ್ರಗಳ ಹತ್ತಿರಕ್ಕೂ ಹೋಗಲಾಗದ ಜನಕ್ಕೆ ಕೈಗೆಟುಕುವ ಮಾತು.

ಅಗಸ್ಟಸ್ ಡೌನ್ಸ್‌ನಿಂದ ಮೊದಲ ಕರೆ

ಅಷ್ಟರಲ್ಲಿ ವಿಮಾನ ಬಂದಿತ್ತು. 1928ರ ಮೇ ತಿಂಗಳಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕ್ಲಾನ್‌ಕರಿ ಊರಿನಿಂದ ಡಾಕ್ಟರ್ ಸೇಂಟ್ ವಿನ್ಸೆಂಟ್ ವೆಲ್ಚ್ ಮೊದಲ ಹಾರಾಟ ಮಾಡಿದರು. ವಿಮಾನ ಕ್ವಾಂಟಾಸ್ ಕಂಪನಿಯಿಂದ ಬಾಡಿಗೆಗೆ ತಂದದ್ದು, ಹೆಸರು ವಿಕ್ಟರಿ, ಪೈಲಟ್ ಆರ್ಥರ್ ಆಫ್ಲೆಕ್. ಆದರೆ ಆ ಮೊದಲ ವರ್ಷ ಟೆಲಿಫೋನ್ ಅಥವಾ ಟೆಲಿಗ್ರಾಫ್ ಇದ್ದ ಕಡೆಯಿಂದ ಮಾತ್ರ ಡಾಕ್ಟರಿಗೆ ಕರೆ ಬರುತ್ತಿತ್ತು. ಯಾರಿಗೆ ನಿಜಕ್ಕೂ ಬೇಕೋ ಅವರೇ ಕರೆಯಲಾರರು.

1929ರಲ್ಲಿ ಕ್ಲಾನ್‌ಕರಿಯಲ್ಲಿ ರೇಡಿಯೊ ಕೇಂದ್ರ ಎದ್ದಿತು. ಟ್ರೇಗರ್ ತಮ್ಮ ಪೆಡಲ್ ಸೆಟ್ಟುಗಳನ್ನು ಗಾಡಿಗೆ ಹೇರಿಕೊಂಡು ಹೊರಟರು. ಆಸ್ಟ್ರೇಲಿಯಾದವರು ಸ್ಟೇಷನ್ ಅಂದರೆ ರೈಲು ನಿಲ್ದಾಣವಲ್ಲ. ದನ ಕುರಿ ಸಾಕುವ ಭಾರೀ ಹಿಡುವಳಿ. ಒಂದೊಂದು ನಮ್ಮ ಎರಡು ಮೂರು ತಾಲೂಕು ಸೇರಿದಷ್ಟು ದೊಡ್ಡದಿರಬಹುದು, ಇರೋದು ಮಾತ್ರ ಒಂದು ಮನೆ. ಅಂಥ ಒಂದೊಂದು ಮನೆಯಲ್ಲೂ ಇಳಿದು, ಕಂಬ ನೆಟ್ಟು, ತಂತಿ ಎಳೆದು, ಮೇಜಿನ ಕೆಳಗೆ ಪೆಡಲ್ ಬಿಗಿದು, ಮನೆಯೊಡತಿಗೆ ಮೋರ್ಸ್ ಕಲಿಸಿ, ಮತ್ತೆ ಗಾಡಿ ಹತ್ತಬೇಕು. ಇಡೀ ಜೀವಮಾನದ ದೊಡ್ಡ ಭಾಗವನ್ನು ಟ್ರೇಗರ್ ಹೀಗೇ ಕಳೆದರು. ಯಂತ್ರ ಮಾಡಿ ಮಾರಿ ಕೈ ತೊಳೆದುಕೊಂಡವರಲ್ಲ.

1929ರ ಜೂನ್‌ನಲ್ಲಿ ಅಗಸ್ಟಸ್ ಡೌನ್ಸ್ ಅನ್ನೋ ಸ್ಟೇಷನ್ನಿನ ಗೃಹಿಣಿ ಗರ್ಟ್ರೂಡ್ ರಾಥರಿ ಪೆಡಲ್ ತುಳಿದು, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕ್ಲಾನ್‌ಕರಿಗೆ ಮೊದಲ ಸಂದೇಶ ಕಳಿಸಿದರು. ಕ್ಲಾನ್‌ಕರಿಯಿಂದ ಮಾತೇ ಬರುತ್ತಿತ್ತು, ಮನೆಯವರು ಉತ್ತರ ಕೊಡಬೇಕಾದದ್ದು ಮೋರ್ಸ್‌ನಲ್ಲಿ.

ಮೋರ್ಸ್ ಅನೇಕರಿಗೆ ಕಬ್ಬಿಣದ ಕಡಲೆಯಾಯಿತು. ಶಾಂತವಾಗಿ ಕೂತು ಕಲಿಯುವುದು ಬೇರೆ, ಮನೆಯಲ್ಲಿ ಯಾರೋ ನರಳುತ್ತಿರುವಾಗ ಚುಕ್ಕಿ ಗೆರೆ ನೆನಪು ಮಾಡಿಕೊಳ್ಳೋದು ಬೇರೆ. ಟ್ರೇಗರ್ ಇದಕ್ಕೂ ಒಂದು ದಾರಿ ಮಾಡಿದರು. 1930ರ ದಶಕದ ಆರಂಭದಲ್ಲಿ ಟೈಪ್‌ರೈಟರ್ ಥರದ ಒಂದು ಕೀಲಿಮಣೆ ತಂದರು. ಎ ಅಕ್ಷರ ಒತ್ತಿದರೆ ಸಾಕು, ಅದರ ಚುಕ್ಕಿ ಗೆರೆಯನ್ನು ಯಂತ್ರವೇ ಕಳಿಸುತ್ತದೆ. ಓದು ಬರಹ ಬಂದರೆ ಸಾಕಾಯಿತು. ಕೆಲ ವರ್ಷಗಳಲ್ಲಿ ಮಾತನ್ನೇ ಕಳಿಸುವ ಸೆಟ್ಟು ಬಂದ ಮೇಲೆ ಆ ಕೀಲಿಮಣೆಯೂ ಮೂಲೆ ಸೇರಿತು. ತಾನೇ ಮಾಡಿದ್ದನ್ನು ತಾನೇ ಹಳತು ಮಾಡುವುದರಲ್ಲಿ ಟ್ರೇಗರ್‌ಗೆ ಬೇಸರ ಇದ್ದಂತೆ ಕಾಣುವುದಿಲ್ಲ.

ಗಿಳಿಗಳ ಹೊತ್ತು

ಮಾತು ಬಂದ ಮೇಲೆ ಏನಾಯಿತು ಅನ್ನೋದೇ ಈ ಕಥೆಯ ಚೆಂದದ ಭಾಗ. ರೇಡಿಯೊ ಬಂದದ್ದು ಕಾಯಿಲೆಗೆ. ಆದರೆ ಕಾಯಿಲೆ ದಿನಾ ಬರುವುದಿಲ್ಲವಲ್ಲ. ಒಂದೇ ಅಲೆಯ ಮೇಲೆ ಹತ್ತಾರು ಮನೆಗಳು. ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳಿಸುತ್ತದೆ. ದಿನದಲ್ಲಿ ಇಂತಿಷ್ಟು ಹೊತ್ತು ಹೆಂಗಸರ ಹರಟೆಗೆ ಅಂತ ಬಿಟ್ಟುಕೊಟ್ಟರು. ಅದಕ್ಕೆ ಗಲಾ ಸೆಷನ್ ಅಂತ ಹೆಸರು ಬಿತ್ತು. ಗಲಾ ಅಂದರೆ ಅಲ್ಲಿನ ಗುಲಾಬಿ ಬೂದು ಬಣ್ಣದ, ಗಿಳಿ ಜಾತಿಯ, ಗುಂಪಾಗಿ ಕೂತು ಕಿರುಚಾಡುವ ಹಕ್ಕಿ. ಹೆಸರಿಟ್ಟವರು ಗಂಡಸರೇ ಇರಬೇಕು.

ಅಡುಗೆ, ಮಕ್ಕಳು, ಮಳೆ ಬಂತಾ, ದನದ ರೇಟು ಎಷ್ಟು, ಯಾರ ಮಗಳ ಮದುವೆ ಎಂದು. ನಮ್ಮೂರ ಅರಳಿಕಟ್ಟೆ, ಬಾವಿಕಟ್ಟೆಯ ಮಾತೇ ಅದು, ಕಟ್ಟೆ ಮಾತ್ರ ಐನೂರು ಕಿಲೋಮೀಟರ್ ಅಗಲ. ವರ್ಷಕ್ಕೊಮ್ಮೆ ಮಾತ್ರ ಇನ್ನೊಬ್ಬ ಹೆಂಗಸಿನ ಮುಖ ನೋಡುತ್ತಿದ್ದವರಿಗೆ ಪಕ್ಕದ ಮನೆಯವರ ದನಿ ದಿನಾ ಕೇಳುವಂತಾಯಿತು. ಡಾಕ್ಟರಿಗೆ ಕರೆ ಮಾಡಿದರೂ ಗುಟ್ಟಿರಲಿಲ್ಲ. ಇಡೀ ಜಿಲ್ಲೆಗೆ ಯಾರ ಮನೆಯ ಕಾಯಿಲೆ ಏನು ಅಂತ ಗೊತ್ತು.

ಮನೆಮನೆಗೂ ಔಷಧಿ ಪೆಟ್ಟಿಗೆ ಕೊಟ್ಟರು. ಪ್ರತಿ ಔಷಧಿಗೂ ನಂಬರ್. ಡಾಕ್ಟರ್ ರೇಡಿಯೊದಲ್ಲಿ ಇಂಥ ನಂಬರಿನದು ಇಷ್ಟು ಕೊಡಿ ಅಂದರೆ ಆಯಿತು. ಮೈಯ ಚಿತ್ರದ ಮೇಲೂ ನಂಬರ್ ಹಾಕಿ ನೋವು ಎಲ್ಲಿ ಅಂತ ಹೇಳುವಂತೆ ಮಾಡಿದರು. ರಾತ್ರಿ ಹೊತ್ತು ಕೇಂದ್ರದಲ್ಲಿ ಯಾರೂ ಕೂತಿರುತ್ತಿರಲಿಲ್ಲ. ಅದಕ್ಕೆ ಒಂದು ವಿಶೇಷ ಸೀಟಿ ಬಂತು. ಮೈಕಿನ ಮುಂದೆ ಅದನ್ನು ಊದಿದರೆ ಆ ಸ್ವರಕ್ಕೆ ಕೇಂದ್ರದ ಗಂಟೆ ತಾನಾಗಿ ಬಾರಿಸಿ ಮಲಗಿದವರನ್ನು ಎಬ್ಬಿಸುತ್ತಿತ್ತು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಇದೇ ರೇಡಿಯೊ ಮೇಲೆ ಮಕ್ಕಳಿಗೆ ಪಾಠ ಶುರುವಾಯಿತು. ಕೊರೋನಾ ಕಾಲದಲ್ಲಿ ನಮ್ಮ ಮಕ್ಕಳು ಮೊಬೈಲ್ ಹಿಡಿದು ಗುಡ್ಡ ಹತ್ತಿ ಕೂತದ್ದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು.

ಒಂದು ಮಾತನ್ನು ಬಿಟ್ಟು ಹೇಳಿದರೆ ಕಥೆ ಪೂರ್ತಿಯಾಗದು. ಆ ನೆಲದಲ್ಲಿ ಹತ್ತಾರು ಸಾವಿರ ವರ್ಷಗಳಿಂದ ಇದ್ದ ಮೂಲನಿವಾಸಿಗಳ ಲೆಕ್ಕ ಈ ಸೇವೆಯ ಆರಂಭದಲ್ಲಿ ಹಿಂದೆಯೇ ಉಳಿಯಿತು. ಪೆಡಲ್ ಸೆಟ್ಟು ಹೋದದ್ದು ಮುಖ್ಯವಾಗಿ ಬಿಳಿಯರ ಸ್ಟೇಷನ್ ಮನೆಗಳಿಗೆ, ಮಿಷನ್‌ಗಳಿಗೆ. ಫ್ಲಿನ್ ಅವರ ಸಂಸ್ಥೆ ಬಿಳಿಯರನ್ನೇ ಹೆಚ್ಚು ನೋಡಿತು ಅನ್ನೋ ಟೀಕೆ ಅಂದೂ ಇತ್ತು, ಇಂದೂ ಇದೆ. ಟೀಕೆಯಲ್ಲಿ ಹುರುಳಿದೆ.

ಮತ್ತೆ ಗಾಡಿಗೆ

ಕಾರಿನಿಂದ ಶುರುವಾದದ್ದು ಮನೆಯಲ್ಲೇ ನಿಲ್ಲಲಿಲ್ಲ. ಸೆಟ್ಟು ಚಿಕ್ಕದಾಗಿ, ಹಗುರಾದಂತೆ ಊರೂರು ತಿರುಗುವ ಪಾದ್ರಿಗಳು ಅದನ್ನು ತಮ್ಮ ಗಾಡಿಗಳಲ್ಲಿ ಇಟ್ಟುಕೊಂಡರು. 1939ರಲ್ಲಿ ಸಿಂಪ್ಸನ್ ಮರುಭೂಮಿಯನ್ನು ಒಂಟೆಗಳ ಮೇಲೆ ದಾಟಿದ ಸೆಸಿಲ್ ಮ್ಯಾಡಿಗನ್ ಎಂಬ ಭೂವಿಜ್ಞಾನಿಯ ತಂಡ ಟ್ರೇಗರ್ ಮಾಡಿದ ಸೆಟ್ಟನ್ನೇ ಒಯ್ದು ಹೊರಗಿನ ಜತೆ ಸಂಪರ್ಕ ಇಟ್ಟುಕೊಂಡಿತ್ತು. ಮರಳು ದಿಬ್ಬದ ನಡುವೆ ತಂಬು, ತಂಬಿನ ಮುಂದೆ ತಂತಿ, ಪಕ್ಕದಲ್ಲಿ ಮಲಗಿದ ಒಂಟೆ.

ಪೆಡಲ್ ಹೋದದ್ದು ಯಾವುದರಿಂದ ಗೊತ್ತೇ? ಕಾರಿನ ಬ್ಯಾಟರಿಯಿಂದ. ಬ್ಯಾಟರಿಯ ಕಡಿಮೆ ವೋಲ್ಟನ್ನು ರೇಡಿಯೊಗೆ ಬೇಕಾದಷ್ಟು ಏರಿಸುವ ವೈಬ್ರೇಟರ್ ಅನ್ನೋ ಪುಟ್ಟ ಸಾಧನ ಬಂದ ಮೇಲೆ ತುಳಿಯುವ ಕೆಲಸ ತಪ್ಪಿತು. ಅಷ್ಟರಲ್ಲಿ ಒಳನಾಡಿನ ಮನೆಗಳಲ್ಲೂ ಕಾರು, ಬ್ಯಾಟರಿ ಮಾಮೂಲಾಗಿದ್ದವು. 1925ರಲ್ಲಿ ಚಕ್ರ ಎತ್ತಿ ಬೆಲ್ಟ್ ಹಾಕಿ ಮಾಡಿದ ಕೆಲಸವನ್ನು ಈಗ ಎರಡು ತಂತಿ ಸಿಕ್ಕಿಸಿ ಮಾಡಬಹುದಿತ್ತು. ಓಡುವ ಗಾಡಿಯಿಂದ ಮನೆಗೆ, ಮನೆಯಿಂದ ಗಾಡಿಗೆ ಮಾತಾಡುವುದು ಒಳನಾಡಿನ ಲಾರಿಯವರಿಗೆ, ದನದ ಹಿಂದೆ ಹೋಗುವವರಿಗೆ ದಿನದ ಅಭ್ಯಾಸವಾಯಿತು.

ಟ್ರೇಗರ್ ಅಡಿಲೇಡ್‌ನ ತಮ್ಮ ಸಣ್ಣ ಕಾರ್ಖಾನೆ ನಡೆಸಿಕೊಂಡೇ ಇದ್ದರು. ಕುಳ್ಳಗೆ, ಸಣಕಲು ಮೈಕಟ್ಟು, ಕಮ್ಮಿ ಮಾತು. ದುಡ್ಡು ಮಾಡುವ ಚಾಲಾಕಿತನ ಇರಲಿಲ್ಲ. ಜರ್ಮನ್ ಮೂಲ ಅಂತ ಮೊದಲ ಯುದ್ಧದಲ್ಲಿ ದೂರ ಇಟ್ಟ ಅದೇ ದೇಶ ಎರಡನೇ ಯುದ್ಧದ ನಡುವೆ, 1944ರಲ್ಲಿ, ಬ್ರಿಟಿಷ್ ಸಾಮ್ರಾಜ್ಯದ ಒಬಿಇ ಗೌರವ ಕೊಟ್ಟಿತು. 1937ರಲ್ಲಿ ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳಾದರು; ಹೆಂಡತಿ ಓಲ್ಗಾ 1948ರಲ್ಲಿ ತೀರಿಕೊಂಡರು. 1956ರಲ್ಲಿ ಮರುಮದುವೆಯಾಗಿ ಒಬ್ಬ ಮಗನಾದ.

ವಯಸ್ಸಾದ ಮೇಲೂ ಕೈ ಸುಮ್ಮನಿರಲಿಲ್ಲ. 1962ರಲ್ಲಿ ನೈಜೀರಿಯಾಕ್ಕೆ, 1970ರಲ್ಲಿ ಕೆನಡಾಕ್ಕೆ ಅವರ ರೇಡಿಯೊಗಳು ಹೋದವು. ಬಿಸಿಲಿನಿಂದ ಉಪ್ಪುನೀರನ್ನು ಸಿಹಿನೀರು ಮಾಡುವ ಪ್ರಯೋಗ ಮಾಡಿದರು, ಟರ್ಬೈನ್‌ನಿಂದ ಓಡುವ ಕಾರೊಂದರ ನಕ್ಷೆಯನ್ನೂ ಹಾಕಿದ್ದರು. 1980ರ ಜುಲೈ 31ರಂದು, 85 ತುಂಬಲು ಎರಡು ದಿನ ಇರುವಾಗ, ಅಡಿಲೇಡ್‌ನಲ್ಲಿ ತೀರಿಕೊಂಡರು.

ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲೆ ಫ್ಲಿನ್ ಅವರ ಮುಖವಿದೆ. ಟ್ರೇಗರ್ ಹೆಸರು ಇರುವುದು ಆಲಿಸ್ ಸ್ಪ್ರಿಂಗ್ಸ್‌ನ ಆಟದ ಮೈದಾನಕ್ಕೆ. ಶನಿವಾರ ಭಾನುವಾರ ಜನ ಅಲ್ಲಿ ಫುಟ್‌ಬಾಲ್, ಕ್ರಿಕೆಟ್ ನೋಡಲು ಸೇರುತ್ತಾರೆ. 2017ರಿಂದ ಕ್ವೀನ್ಸ್‌ಲ್ಯಾಂಡಿನ ಒಂದು ವಿಧಾನಸಭಾ ಕ್ಷೇತ್ರಕ್ಕೂ ಅದೇ ಹೆಸರು. ಮೊದಲ ಪೆಡಲ್ ಸಂದೇಶ ಬಂದು ಮುಟ್ಟಿದ ಕ್ಲಾನ್‌ಕರಿ ಊರು ಆ ಕ್ಷೇತ್ರದೊಳಗೇ ಬರುತ್ತದೆ.